‘ಅಂತೆ’, ‘ಹೋಯಿತು’, ‘ಬಳಸಲಾಗುವುದು’: ಮೊಬೈಲ್ ಕುರಿತ ಅಭಿಪ್ರಾಯ ಬರವಣಿಗೆಯಲ್ಲಿ ಹೊಣೆಯ ಪಾಠ

ಮಾಧ್ಯಮಿಕ ತರಗತಿಗಳ ವಿದ್ಯಾರ್ಥಿಗಳಿಗೆ ಕೊಡುವ ಪ್ರಬಂಧ ವಿಷಯಗಳಲ್ಲಿ ‘ಮೊಬೈಲ್: ವರವೋ ಶಾಪವೋ’ ಎಂಬುದು ಇಂದು ಬಹು ಪರಿಚಿತವಾದುದು. ಅದಕ್ಕೆ ಬರುವ ಉತ್ತರಗಳೂ ಅಷ್ಟೇ ಪರಿಚಿತ. ಮೊದಲ ಅರ್ಧದಲ್ಲಿ ಲಾಭಗಳು, ಎರಡನೆಯ ಅರ್ಧದಲ್ಲಿ ಹಾನಿಗಳು, ಕೊನೆಗೆ ಮಿತಬಳಕೆಯ ಉಪದೇಶ. ಭಾಷೆಯ ದೃಷ್ಟಿಯಿಂದ ಇಂತಹ ಪ್ರಬಂಧದಲ್ಲಿ ದೋಷವಿರಲಾರದು. ಆದರೆ ಅದರಲ್ಲಿ ಅಭಿಪ್ರಾಯವೂ ಇರುವುದಿಲ್ಲ. ಯಾರು ಏನು ಮಾಡಿದರು, ಯಾರು ಏನು ಮಾಡಬೇಕಿತ್ತು ಎಂಬ ಪ್ರಶ್ನೆಯನ್ನು ಎತ್ತದ ಬರವಣಿಗೆಯು ವಿಷಯದ ಸುತ್ತ ಸುತ್ತಿ ಹಿಂದಿರುಗುತ್ತದೆ.

ಈ ಪ್ರಶ್ನೆಯನ್ನು ಎತ್ತಲು ಬೇಕಾದ ಸಾಧನವು ಕನ್ನಡ ಶಿಕ್ಷಕರ ಕೈಯಲ್ಲಿಯೇ ಇದೆ, ಅದು ವ್ಯಾಕರಣ. ಕರ್ತೃ, ಪ್ರೇರಣಾರ್ಥಕ, ಕರ್ಮಣಿ ಪ್ರಯೋಗ ಎಂಬ ಪಾಠಗಳನ್ನು ದಿನಬಳಕೆಯ ಮೂರು ಮಾತುಗಳಿಗೆ ಅನ್ವಯಿಸಿ, ಹೊಣೆಯನ್ನು ಗುರುತಿಸುವ ಬಗೆಯನ್ನು ಕಲಿಸುವುದು ಈ ಘಟಕದ ಉದ್ದೇಶ.

ಗಡಿಭಾಗದ ವಿದ್ಯಾರ್ಥಿಯ ಸ್ಥಿತಿ

ಉದಗೀರ ಮತ್ತು ನಿಲಂಗಾ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಇಂದು ಅವು ಲಾತೂರ ಜಿಲ್ಲೆಯಲ್ಲಿವೆ; ಉಮರ್ಗಾ ತಾಲ್ಲೂಕು ಧಾರಾಶಿವ ಜಿಲ್ಲೆಯಲ್ಲಿದೆ. ಗಡಿ ಬದಲಾದರೂ ಮನೆಮಾತು ಬದಲಾಗಲಿಲ್ಲ. ಗಡಿಯ ಹಳ್ಳಿಗಳ ಕನ್ನಡ ಕುಟುಂಬಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಪೇಟೆಯ ಮತ್ತು ಕಚೇರಿಯ ಮಾತು ಮರಾಠಿ. ಬ್ಯಾಂಕಿನ ಸಂದೇಶವಾದರೋ ಬಹುಮಟ್ಟಿಗೆ ಇಂಗ್ಲಿಷ್. ಹೀಗಾಗಿ ಅಜ್ಜಿಯ ಮೊಬೈಲಿಗೆ ಬಂದುದನ್ನು ಓದಿ ಹೇಳುವ ಕೆಲಸವು ಅನೇಕ ಮನೆಗಳಲ್ಲಿ ಶಾಲೆಗೆ ಹೋಗುವ ಮಗುವಿನದಾಗಿದೆ. ಪಿಂಚಣಿ ಜಮೆಯಾದ ಸುದ್ದಿ, ಗ್ಯಾಸ್ ಸಿಲಿಂಡರಿನ ಸಂಖ್ಯೆ, ಬೆಳೆವಿಮೆಯ ಸೂಚನೆ ಎಲ್ಲವೂ ಆ ಮಗುವಿನ ಬಾಯಿಂದಲೇ ಹಿರಿಯರಿಗೆ ತಲುಪುತ್ತವೆ.

ಆದುದರಿಂದ ಈ ಪಾಠವನ್ನು ದೂರದ ವಿಷಯವೆಂದು ಭಾವಿಸಲಾಗದು. ಈ ಪ್ರದೇಶದ ಎಂಟನೆಯ ತರಗತಿಯ ವಿದ್ಯಾರ್ಥಿ ಮನೆಯ ಓದುಗ, ಅನುವಾದಕ, ಕೆಲವೊಮ್ಮೆ ನಿರ್ಧಾರ ತೆಗೆದುಕೊಳ್ಳುವವನೂ ಹೌದು. ಅವನ ಓದಿನಲ್ಲಿ ತಪ್ಪಾದರೆ ಅಂಕ ಮಾತ್ರ ಹೋಗುವುದಿಲ್ಲ.

ಮೊದಲ ಮಾತು: ‘ಅಂತೆ’

ಕೇಳಿದ ಸುದ್ದಿಯನ್ನು ಕಂಡ ಸಂಗತಿಯಿಂದ ಬೇರ್ಪಡಿಸುವ ಗುರುತು ಕನ್ನಡದಲ್ಲಿ ಕ್ರಿಯಾಪದದ ಬೆನ್ನಿಗೇ ಇದೆ. ‘ಬಂದಿದ್ದಾರೆ’ ಎಂದರೆ ಹೇಳುವವನು ಬಲ್ಲ. ‘ಬಂದಿದ್ದಾರಂತೆ’ ಎಂದರೆ ಅವನು ಯಾರಿಂದಲೋ ಕೇಳಿದ್ದಾನೆ. ಗಡಿಭಾಗದ ಆಡುಮಾತಿನಲ್ಲಿ ಇದು ‘ಬಂದಾರಂತ’ ಎಂದಾಗುತ್ತದೆ. ಮರಾಠಿಯ ‘ಮ್ಹಣೆ’ ಎಂಬ ಮಾತು ಮಾಡುವ ಕೆಲಸವೂ ಇದೇ. ಎರಡೂ ಭಾಷೆಗಳಲ್ಲಿ ಬೆಳೆಯುವ ಮಗುವಿಗೆ ಈ ವ್ಯತ್ಯಾಸ ಮೊದಲೇ ತಿಳಿದಿರುತ್ತದೆ; ಅದನ್ನು ಗಮನಕ್ಕೆ ತಂದರೆ ಸಾಕು.

ಮೊಬೈಲಿನಲ್ಲಿ ಸಂದೇಶವನ್ನು ಮುಂದೆ ಕಳಿಸುವಾಗ ಈ ‘ಅಂತೆ’ ಕಳಚಿ ಬೀಳುತ್ತದೆ. ಬಾಯಿಮಾತಿನಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರಂತೆ’ ಎನ್ನುವವನೇ ಕೈಬೆರಳಿನಿಂದ ‘ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ’ ಎಂಬುದನ್ನು ಇದ್ದಂತೆಯೇ ದಾಟಿಸುತ್ತಾನೆ. ಮುಂದಿನವನಿಗೆ ಅದು ಪರಿಚಿತನು ಹೇಳಿದ ಸಂಗತಿಯಾಗಿ ತಲುಪುತ್ತದೆ.

ಇದರ ಪರಿಣಾಮ ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ಉದಗೀರದ ನೆರೆಯ ಬೀದರ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಯುವಕರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸಂಶಯ ಹುಟ್ಟಿತು. ಅವರು ಕಾರಿನಲ್ಲಿ ಹೊರಟುಹೋದರೂ ಸಂದೇಶ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ದಾರಿ ತಡೆದು ಹಲ್ಲೆ ಮಾಡಿದರು. ಒಬ್ಬ ಯುವಕ ಸತ್ತನು, ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದಕ್ಕೆ ಹನ್ನೆರಡು ದಿನ ಮೊದಲು, ಜುಲೈ 1ರಂದು, ಧುಳೆ ಜಿಲ್ಲೆಯ ರಾಈನಪಾಡಾದಲ್ಲಿ ಇಂತಹುದೇ ವದಂತಿಗೆ ಐವರು ಬಲಿಯಾಗಿದ್ದರು.

ತರಗತಿಯಲ್ಲಿ ಈ ಘಟನೆಯನ್ನು ಹೇಳಿದಾಗ ‘ಎಲ್ಲ ವಾಟ್ಸಾಪಿನ ತಪ್ಪು’ ಎಂಬ ಅಭಿಪ್ರಾಯವೂ, ‘ಹೊಡೆದವರದು ಮಾತ್ರ ತಪ್ಪು, ಕಳಿಸಿದವರು ಏನು ಮಾಡಿದರು’ ಎಂಬ ಅಭಿಪ್ರಾಯವೂ ಬರುವುದು ಸಹಜ. ಎರಡನ್ನೂ ಫಲಕದ ಮೇಲೆ ಬರೆದು, ಅವುಗಳ ಕೆಳಗೆ ಸಂಗತಿಗಳನ್ನು ಸೇರಿಸಬೇಕು.

ಮುರ್ಕಿಯ ಪ್ರಕರಣದಲ್ಲಿ ಪೊಲೀಸರು ಬಂಧಿಸಿದವರಲ್ಲಿ ವಾಟ್ಸಾಪ್ ಗುಂಪಿನ ನಿರ್ವಾಹಕನೂ ಇದ್ದನು. ಆದರೆ ನಿರ್ವಾಹಕನಾದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಸದಸ್ಯನೊಬ್ಬನು ಹಾಕಿದ ಸಂದೇಶಕ್ಕೆ, ಅದರಲ್ಲಿ ತನ್ನ ಸಮಾನ ಉದ್ದೇಶವಿದ್ದ ಹೊರತು, ನಿರ್ವಾಹಕನನ್ನು ಹೊಣೆಯಾಗಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ಬೇರೊಂದು ಪ್ರಕರಣದಲ್ಲಿ 2021ರ ಮಾರ್ಚ್ 1ರಂದು ತೀರ್ಪಿತ್ತಿದೆ. ಕಂಪನಿಯೂ ಸುಮ್ಮನಿರಲಾಗಲಿಲ್ಲ. ದಾಟಿ ಬಂದ ಸಂದೇಶಕ್ಕೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ವಾಟ್ಸಾಪ್ 2018ರ ಜುಲೈಯಲ್ಲಿಯೇ ಸೇರಿಸಿತು. ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕುವುದಾಗಿಯೂ ಅದೇ ತಿಂಗಳು ಪ್ರಕಟಿಸಿತು. ಬಹಳ ಸಲ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ಮಿತಿ 2020ರ ಏಪ್ರಿಲಿನಲ್ಲಿ ಬಂತು. ಇನ್ನು ಸರ್ಕಾರದ ಪಾಲು. ಗುಂಪು ಹಿಂಸೆಯನ್ನು ತಡೆಯುವುದು ರಾಜ್ಯಗಳ ಕರ್ತವ್ಯವೆಂದು ಸಾರಿದ ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 17ರಂದು ಪ್ರತಿ ಜಿಲ್ಲೆಯಲ್ಲಿಯೂ ಅದಕ್ಕೆಂದೇ ಒಬ್ಬ ಪೊಲೀಸ್ ಅಧಿಕಾರಿಯನ್ನು ನೇಮಿಸಲು ಆದೇಶಿಸಿತು.

‘ಫಾರ್ವರ್ಡೆಡ್’ ಎಂಬ ಗುರುತು ವಾಸ್ತವವಾಗಿ ಯಂತ್ರವು ತಂದಿಟ್ಟ ‘ಅಂತೆ’ಯೇ ಆಗಿದೆ. ಆದರೆ ಅದು ಸಣ್ಣ ಅಕ್ಷರದಲ್ಲಿ, ಅಜ್ಜಿಗೆ ಬಾರದ ಭಾಷೆಯಲ್ಲಿ ಇರಬಹುದು. ಅದನ್ನು ಓದಿ ಹೇಳುವಾಗ ‘ಇದು ಯಾರೋ ಕಳಿಸಿದ್ದು, ನಿಜವೋ ಸುಳ್ಳೋ ತಿಳಿಯದು’ ಎಂದು ‘ಅಂತೆ’ಯನ್ನು ಮರಳಿ ಸೇರಿಸುವುದು ಮಗುವಿನ ಹೊಣೆ.

ಕಿಲ್ಲಾರಿ ಭೂಕಂಪವನ್ನು ಕಂಡ ಈ ಸೀಮೆಯಲ್ಲಿ ಮತ್ತೊಂದು ಉದಾಹರಣೆ ಸುಲಭವಾಗಿ ಮನಮುಟ್ಟುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ನೆನಪು ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ‘ಇಂದು ರಾತ್ರಿ ಎರಡು ಗಂಟೆಗೆ ದೊಡ್ಡ ಭೂಕಂಪವಾಗಲಿದೆ’ ಎಂಬ ಸಂದೇಶವೊಂದು ಅಂತಹ ಮನೆಗೆ ಬಂದರೆ ಯಾರೂ ನಿದ್ದೆ ಮಾಡಲಾರರು. ಭೂಕಂಪದ ದಿನ ಮತ್ತು ಗಳಿಗೆಯನ್ನು ಮುಂಚಿತವಾಗಿ ಹೇಳುವ ವಿಧಾನ ವಿಜ್ಞಾನಕ್ಕೆ ಇನ್ನೂ ಒಲಿದಿಲ್ಲ. ಈ ಒಂದು ಸಂಗತಿಯನ್ನು ಬಲ್ಲ ವಿದ್ಯಾರ್ಥಿ ಆ ಸಂದೇಶವನ್ನು ತನ್ನಲ್ಲಿಯೇ ನಿಲ್ಲಿಸಬಲ್ಲನು.

ಎರಡನೆಯ ಮಾತು: ‘ಹೋಯಿತು’

‘ಖಾತೆಯಿಂದ ರೊಕ್ಕ ಹೋಯಿತು’ ಎಂಬ ವಾಕ್ಯದಲ್ಲಿ ವ್ಯಾಕರಣದ ಪ್ರಕಾರ ರೊಕ್ಕವೇ ಕರ್ತೃ. ಆದರೆ ರೊಕ್ಕ ತಾನಾಗಿ ಹೋಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಂದ ಮೂರು ಬಗೆಯಾಗಿ ಬರೆಸಬೇಕು: ‘ಅಜ್ಜ ಪಿನ್ ಒತ್ತಿದರು’, ‘ಮೋಸಗಾರನು ಅಜ್ಜನಿಂದ ಪಿನ್ ಒತ್ತಿಸಿದನು’, ‘ಯಾರೋ ಅಜ್ಜನಿಗೆ ಅರಿವಿಲ್ಲದಂತೆ ರೊಕ್ಕ ತೆಗೆದರು’. ಮೊದಲ ಎರಡು ವಾಕ್ಯಗಳು ಒಂದೇ ಘಟನೆಯನ್ನು ಹೇಳಿದರೂ ಎರಡನೆಯದರಲ್ಲಿ ಪ್ರೇರಣಾರ್ಥಕವು ಇನ್ನೊಬ್ಬ ಕರ್ತೃವನ್ನು ಬೆಳಕಿಗೆ ತರುತ್ತದೆ. ಮೂರನೆಯದು ಬೇರೆಯೇ ಘಟನೆ.

ಈ ವ್ಯತ್ಯಾಸಕ್ಕೆ ಬ್ಯಾಂಕಿನ ನಿಯಮದಲ್ಲಿಯೂ ಬೆಲೆಯಿದೆ. ಗ್ರಾಹಕನ ಅನುಮತಿಯಿಲ್ಲದೆ ನಡೆದ ವಿದ್ಯುನ್ಮಾನ ವಹಿವಾಟುಗಳ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಹೊಣೆಯನ್ನು ಹೀಗೆ ಹಂಚಿತು. ಬ್ಯಾಂಕಿನ ಲೋಪದಿಂದ ಹಣ ಹೋದರೆ ಗ್ರಾಹಕನಿಗೆ ಹೊಣೆಯಿಲ್ಲ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಲೋಪವಾದರೆ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳಲ್ಲಿ ತಿಳಿಸಿದರೆ ಮಿತಿಯಿರುವ ನಷ್ಟ. ಗುಪ್ತ ಸಂಖ್ಯೆಯನ್ನು ತಾನೇ ಹೇಳಿಕೊಟ್ಟಂತಹ ಅಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ಅನಂತರದ್ದು ಬ್ಯಾಂಕಿನದು. ಗ್ರಾಹಕನೇ ಹೊಣೆಯೆಂದು ಸಾಧಿಸುವ ಭಾರವನ್ನು ಬ್ಯಾಂಕಿನ ಮೇಲೆಯೇ ಹೊರಿಸಲಾಗಿದೆ.

‘ಮೋಸ ಹೋದವನದೇ ತಪ್ಪು’ ಎಂಬುದು ಕಟ್ಟೆಯ ಮೇಲೆ ದಿನವೂ ಕೇಳಿಬರುವ ಅಭಿಪ್ರಾಯ. ಮೇಲಿನ ಹಂಚಿಕೆಯನ್ನು ಓದಿದ ವಿದ್ಯಾರ್ಥಿಗೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ. ಅದರ ದೊಡ್ಡ ಹಾನಿಯೆಂದರೆ, ಈ ಮಾತಿಗೆ ಹೆದರಿ ಹಿರಿಯರು ನಷ್ಟವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಪ್ರತಿ ದಿನವೂ ಹಣ ಮರಳುವ ಅವಕಾಶವನ್ನು ಕಡಿಮೆ ಮಾಡುತ್ತದೆ. ನಾಚಿಕೆಯಿಂದ ಕಳೆದ ನಾಲ್ಕು ದಿನ ನಿಯಮದ ಮೂರು ದಿನಗಳನ್ನು ನುಂಗಿಬಿಡುತ್ತದೆ.

ಇಲ್ಲಿ ವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿಗಳು ಮೂರೇ. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಫೋನಿಗೆ ಬಂದ ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ ಹೇಳಬಾರದು. ಮೋಸವಾದ ಕೂಡಲೇ ಬ್ಯಾಂಕಿಗೆ ತಿಳಿಸಿ, 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸುವುದು ಒಳ್ಳೆಯದು.

ಮೂರನೆಯ ಮಾತು: ‘ಬಳಸಲಾಗುವುದು’

ಆ್ಯಪ್‌ಗಳ ಷರತ್ತುಗಳಲ್ಲಿ ‘ನಿಮ್ಮ ಮಾಹಿತಿಯನ್ನು ಬಳಸಲಾಗುವುದು’ ಎಂಬ ಬಗೆಯ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಕರ್ಮಣಿ ಪ್ರಯೋಗದ ಪಾಠಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಯಾರು ಬಳಸುವರು? ಯಾವುದಕ್ಕೆ? ಎಲ್ಲಿಯವರೆಗೆ? ವಾಕ್ಯವನ್ನು ಕರ್ತರಿಗೆ ತಿರುಗಿಸಲು ಹೊರಟ ವಿದ್ಯಾರ್ಥಿಗೆ ಕರ್ತೃಪದ ಸಿಗದಿದ್ದರೆ, ಆ ಷರತ್ತಿನಲ್ಲಿ ಹೇಳದೆ ಬಿಟ್ಟದ್ದೇನು ಎಂಬುದು ತಾನಾಗಿ ಹೊಳೆಯುತ್ತದೆ.

‘ಓದದೆ ಒಪ್ಪಿಗೆ ಒತ್ತಿದವನದೇ ಹೊಣೆ’ ಎಂಬ ಅಭಿಪ್ರಾಯವನ್ನು ಇಲ್ಲಿ ಪರಿಶೀಲಿಸಬೇಕು. ಓದಲು ಬಾರದ ಭಾಷೆಯಲ್ಲಿ ಕೇಳಿದ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕೆಂದು ಅದು ವಿಧಿಸುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಈ ಹಕ್ಕು ಕರ್ನಾಟಕದ ಗಡಿಯೊಳಗೆ ನಿಲ್ಲುವುದಿಲ್ಲ. ಉಮರ್ಗಾದ ಕನ್ನಡಿಗನಿಗೂ ಅದು ಸಲ್ಲುತ್ತದೆ. ಹದಿನೆಂಟು ತುಂಬದವರ ಮಾಹಿತಿಗೆ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕೆಂದೂ ಕಾಯ್ದೆ ಹೇಳುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತಿವೆ. ಕಾಯ್ದೆ ಕೊಟ್ಟ ಭಾಷೆಯ ಆಯ್ಕೆಯನ್ನು ಕೇಳಿ ಪಡೆಯುವ ಪೀಳಿಗೆಯನ್ನು ಸಿದ್ಧಪಡಿಸುವುದು ಕನ್ನಡ ಶಾಲೆಯ ಕೆಲಸ.

ತರಗತಿಯಲ್ಲಿ ಅನುಸರಿಸುವ ಕ್ರಮ

ಈ ಘಟಕಕ್ಕೆ ನಾಲ್ಕು ಅವಧಿಗಳು ಸಾಕು. ಮೊಬೈಲ್ ಬೇಕಾಗಿಲ್ಲ, ಸಂದೇಶಗಳನ್ನು ಚೀಟಿಗಳ ಮೇಲೆ ಬರೆದು ಹಂಚಬಹುದು.

ಮೊದಲ ಅವಧಿಯಲ್ಲಿ ವಿದ್ಯಾರ್ಥಿಗಳು ಮೊಬೈಲ್ ಕುರಿತು ಊರಿನಲ್ಲಿ ಕೇಳಿದ ಅಭಿಪ್ರಾಯಗಳನ್ನು ಆಡುಮಾತಿನಲ್ಲಿಯೇ ಹೇಳಲಿ. ‘ಬಂದಾರಂತ’, ‘ರೊಕ್ಕ ಹೋತು’ ಎಂಬ ರೂಪಗಳನ್ನು ತಿದ್ದದೆ ಫಲಕದ ಮೇಲೆ ಬರೆದು, ಅನಂತರ ಗ್ರಾಂಥಿಕ ರೂಪವನ್ನು ಪಕ್ಕದಲ್ಲಿ ಬರೆಯಬೇಕು. ಎರಡನೆಯ ಅವಧಿಯಲ್ಲಿ ಮೇಲಿನ ಮೂರು ಮಾತುಗಳ ವ್ಯಾಕರಣವನ್ನು ವಿವರಿಸಬೇಕು. ಮೂರನೆಯ ಅವಧಿಯಲ್ಲಿ ಗುಂಪುಗಳಾಗಿ ಕುಳಿತು ಒಂದೊಂದು ಘಟನೆಗೆ ‘ಬಳಸುವವನ ಹೊಣೆ’, ‘ಕಂಪನಿಯ ಅಥವಾ ಬ್ಯಾಂಕಿನ ಹೊಣೆ’, ‘ಸರ್ಕಾರದ ಹೊಣೆ’ ಎಂಬ ಮೂರು ಅಂಕಣಗಳನ್ನು ತುಂಬಲಿ. ನಾಲ್ಕನೆಯ ಅವಧಿ ಬರವಣಿಗೆಗೆ ಮೀಸಲಾಗಿರಲಿ.

ಒಂದು ಎಚ್ಚರ ಅತ್ಯಗತ್ಯ. ‘ನಿಮ್ಮ ಮನೆಯಲ್ಲಿ ಯಾರಾದರೂ ಮೋಸ ಹೋಗಿದ್ದಾರೆಯೇ’ ಎಂದು ತರಗತಿಯಲ್ಲಿ ಕೇಳಬಾರದು. ಮನೆಯ ನಷ್ಟವನ್ನು ಎಲ್ಲರೆದುರು ಹೇಳಬೇಕಾಗಿ ಬಂದ ಮಗು ಆ ದಿನ ಕಲಿಯುವುದು ಅವಮಾನವನ್ನು ಮಾತ್ರ. ಬಿಡುವಿನಲ್ಲಿ ಬಂದು ತಾನಾಗಿ ಹೇಳಿದರೆ, ಮೊದಲು ಹೇಳಬೇಕಾದುದು ‘ಯಾಕೆ ಒತ್ತಿದಿರಿ’ ಎಂದಲ್ಲ. ‘ಬ್ಯಾಂಕಿಗೆ ತಿಳಿಸಿದ್ದೀರಾ, 1930ಕ್ಕೆ ಕರೆ ಮಾಡಿದ್ದೀರಾ’ ಎಂದು.

ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ಮೊಬೈಲಿನ ಪರವಾಗಿ ಬರೆದನೋ ವಿರುದ್ಧವಾಗಿ ಬರೆದನೋ ಎಂಬುದಕ್ಕೆ ಅಂಕವಿರಬಾರದು. ಕೇಳಿದ್ದನ್ನು ಕೇಳಿದ್ದೆಂದೂ ತಿಳಿದದ್ದನ್ನು ತಿಳಿದದ್ದೆಂದೂ ಬರೆದಿದ್ದಾನೆಯೇ, ಪ್ರತಿ ಕ್ರಿಯೆಗೆ ಕರ್ತೃವನ್ನು ಗುರುತಿಸಿದ್ದಾನೆಯೇ, ತನ್ನ ಪಾಲಿನ ಹೊಣೆಯನ್ನು ಒಪ್ಪಿಕೊಂಡು ಇತರರ ಪಾಲನ್ನು ಕೇಳಿದ್ದಾನೆಯೇ ಎಂಬ ಮೂರು ಅಂಶಗಳನ್ನು ನೋಡಿದರೆ ಸಾಕು. ಅಂತಹ ಬರವಣಿಗೆ ಅರ್ಧ ಪುಟದ್ದಾದರೂ ಅದರಲ್ಲಿ ಅಭಿಪ್ರಾಯವಿರುತ್ತದೆ. ಅದನ್ನು ಬರೆದ ವಿದ್ಯಾರ್ಥಿ ಸಂಜೆ ಮನೆಗೆ ಹೋಗಿ ಅಜ್ಜಿಯ ಮೊಬೈಲನ್ನು ಕೈಗೆತ್ತಿಕೊಂಡಾಗ, ಬಂದ ಸಂದೇಶವನ್ನು ಓದುವ ಮೊದಲು ಕಳಿಸಿದವರು ಯಾರೆಂದು ನೋಡುತ್ತಾನೆ.