ಗಡಸು ನೀರಿನ ಮುಂದೆ ಸಾಬೂನು ಸೋಲುವುದೇಕೆ?

ಮಳೆಯ ನೀರಿನಲ್ಲಿ ಮಿಂದರೆ ಎರಡು ಸಲ ಉಜ್ಜುವಷ್ಟರಲ್ಲಿಯೇ ಮೈತುಂಬ ನೊರೆ ಬರುತ್ತದೆ. ಅದೇ ಸಾಬೂನನ್ನು ಬಯಲುಸೀಮೆಯ ಕೊಳವೆ ಬಾವಿಯ ನೀರಿನಲ್ಲಿ ಉಜ್ಜಿದರೆ ಎಷ್ಟೋ ಕಡೆ ನೊರೆಗೆ ಬದಲಾಗಿ ಬಿಳಿಯ ಗಸಿಯೇ ಕಾಣುತ್ತದೆ. ನಾವು ಸಾಬೂನನ್ನು ಹಳಿಯುತ್ತೇವೆ, ನೀರನ್ನು ವಿಚಾರಿಸುವುದಿಲ್ಲ.

ಎಣ್ಣೆಯನ್ನೋ ಕೊಬ್ಬನ್ನೋ ಕಾಸ್ಟಿಕ್ ಸೋಡದ ದ್ರಾವಣದೊಡನೆ ಕಾಯಿಸಿದರೆ ಸಾಬೂನೂ ಗ್ಲಿಸರಿನ್ನೂ ಉಂಟಾಗುತ್ತವೆ. ಕೊಬ್ಬಿನಲ್ಲಿ ಅಡಗಿರುವ ಆಮ್ಲಗಳನ್ನು ಬೇರ್ಪಡಿಸಿ, 1823ರಲ್ಲಿ ಗ್ರಂಥರೂಪವಾಗಿ ವಿವರಿಸಿದವನು ಫ್ರಾನ್ಸಿನ ಷೆವ್ರಲ್. ಸಾಬೂನಿನ ಒಂದು ಮುಖ್ಯ ಘಟಕವಾದ ಸೋಡಿಯಂ ಸ್ಟಿಯರೇಟನ್ನು ನೋಡೋಣ. ಇದರಲ್ಲಿ 18 ಇಂಗಾಲ ಪರಮಾಣುಗಳ ಸರಪಳಿಯಿದೆ. ಅದರ ಉದ್ದನೆಯ ಬಾಲ ನೀರನ್ನು ಒಲ್ಲದು, ಜಿಡ್ಡನ್ನು ಸೇರುತ್ತದೆ. ವಿದ್ಯುದಂಶವುಳ್ಳ ತಲೆಯಾದರೋ ನೀರನ್ನೇ ಬಯಸುತ್ತದೆ. ಗೊದಮೊಟ್ಟೆಯಂತಹ ಇಂತಹ ನೂರಾರು ಕಣಗಳು ಬಾಲಗಳನ್ನು ಜಿಡ್ಡಿನೊಳಗೆ ನೆಟ್ಟು, ತಲೆಗಳನ್ನು ಹೊರಚಾಚಿ ಅದನ್ನು ಸುತ್ತುವರಿಯುತ್ತವೆ. ಹೀಗೆ ಬಿಡಿಬಿಡಿಯಾದ ಜಿಡ್ಡು ನೀರಿನೊಡನೆ ಹರಿದುಹೋಗುತ್ತದೆ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಒಂದೊಂದು ಕ್ಯಾಲ್ಸಿಯಂ ಅಯಾನೂ ಎರಡೆರಡು ಸ್ಟಿಯರೇಟುಗಳನ್ನು ಹಿಡಿದುಕೊಂಡು ಕರಗದ ವಸ್ತುವಾಗಿ ಬೇರ್ಪಡುತ್ತದೆ. ಬಕೆಟ್ಟಿನ ಅಂಚಿಗೂ ಕೂದಲಿಗೂ ಅಂಟುವ ಗಸಿ ಇದೇ. ಈ ಅಯಾನುಗಳ ಹಸಿವು ತೀರುವವರೆಗೆ ಸಾಬೂನು ವ್ಯರ್ಥ. ನೀರನ್ನು ಕುದಿಸಿದರೆ ಬೈಕಾರ್ಬೊನೇಟಿನಿಂದಾದ ಗಡಸುತನ ಹೋಗುತ್ತದೆ. ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪದರವೇ ಇದಕ್ಕೆ ಸಾಕ್ಷಿ. ಸಲ್ಫೇಟು, ಕ್ಲೋರೈಡುಗಳಿಂದಾದ ಗಡಸುತನ ಕುದಿತಕ್ಕೆ ಜಗ್ಗದು.

ನಮ್ಮ ಅಜ್ಜಿಯರು ತಲೆಗೆ ಸೀಗೆಕಾಯಿಯನ್ನು ಬಳಸುತ್ತಿದ್ದುದರಲ್ಲಿ ಜಾಣತನವಿತ್ತು. ಅದರಲ್ಲಿರುವ ಸಪೋನಿನ್‌ಗಳಿಗೆ ಸಕ್ಕರೆಯ ತುಣುಕುಗಳೇ ನೀರನ್ನೊಲಿಯುವ ಭಾಗ. ಕ್ಯಾಲ್ಸಿಯಂ ಅವನ್ನು ಸಾಬೂನಿನಂತೆ ಗಸಿಗಟ್ಟಿಸಲಾರದು. ಮೇಲಾಗಿ ಸಾಬೂನಿನ ದ್ರಾವಣ ಕ್ಷಾರ, ಸೀಗೆಯ ಕಷಾಯ ಮೃದುವಾದ ಆಮ್ಲ. ಕ್ಷಾರದಲ್ಲಿ ಕೂದಲಿನ ಹೊರಪೊರೆಯ ಹುರುಪೆಗಳು ಎದ್ದುನಿಂತು ಕೂದಲು ಒರಟಾಗುತ್ತದೆ. (ಕಣ್ಣಿಗೆ ಬಿದ್ದಾಗ ಮಾತ್ರ ಸೀಗೆ ಯಾವ ದಾಕ್ಷಿಣ್ಯವನ್ನೂ ತೋರದು!) ಇಂದಿನ ಷಾಂಪೂಗಳಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟಿನಂತಹ ವಸ್ತುಗಳೂ ಗಡಸು ನೀರಿನಲ್ಲಿ ಸಾಬೂನಿಗಿಂತ ಚೆನ್ನಾಗಿ ನೊರೆಗೊಡುತ್ತವೆ.

ಕೊಳ್ಳುವಾಗ ಹೊದಿಕೆಯ ಮೇಲಿನ ಟಿ.ಎಫ್.ಎಂ. ಎಂಬ ಅಂಕಿಯನ್ನು ಓದಬೇಕು. ಅದು ಕೊಬ್ಬಿನ ಅಂಶದ ಶೇಕಡ ಪ್ರಮಾಣ. ಭಾರತೀಯ ಮಾನಕದ ಮೊದಲ ದರ್ಜೆಯ ಸಾಬೂನಿನಲ್ಲಿ ಇದು ಕನಿಷ್ಠ 76. ಸ್ನಾನದ ಬಿಲ್ಲೆಯೆಂದು ಮಾರುವ ಸರಕಿನಲ್ಲಿ 40 ಇದ್ದರೂ ಸಾಕು. ಬೆಲೆಯನ್ನು ಹೋಲಿಸುವ ಮುನ್ನ ಈ ಅಂಕಿಗಳನ್ನು ಹೋಲಿಸುವುದು ಲೇಸು.

ಮನೆಯ ನೀರನ್ನು ಪರೀಕ್ಷಿಸಬಯಸುವವರು ಎರಡು ಸೀಸೆಗಳಲ್ಲಿ ಮಳೆನೀರನ್ನೂ ಮನೆಯ ನೀರನ್ನೂ ಸಮನಾಗಿ ತುಂಬಿ, ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಕುಲುಕಲಿ. ನಿಲ್ಲುವ ನೊರೆ ಬರಲು ಎಲ್ಲಿ ಎಷ್ಟು ಹನಿ ಬೇಕಾಯಿತೆಂದು ಎಣಿಸಿಕೊಳ್ಳಲಿ.