ಹಿಡಿ ಮಾದರಿಯೂ ರಾಶಿಯ ಬೆಲೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನಲ್ಲಿ ಎಣ್ಣೆಯೆಂದರೆ ಬಹುಮಟ್ಟಿಗೆ ತೆಂಗಿನೆಣ್ಣೆಯೇ. ಅಡಕೆ ತೋಟದ ಅಂಚಿನಲ್ಲೋ ಗದ್ದೆಯ ಬದುವಿನಲ್ಲೋ ನಾಲ್ಕು ತೆಂಗಿನ ಮರಗಳಿಲ್ಲದ ಒಕ್ಕಲು ಅಲ್ಲಿ ಅಪೂರ್ವ. ಬೇಸಗೆಯಲ್ಲಿ ಕಾಯಿಗಳನ್ನು ಒಡೆದು ಅಂಗಳದಲ್ಲಿ ಒಣಗಿಸಿ, ಗೆರಟೆಯಿಂದ ಬಿಡಿಸಿದ ಕೊಬ್ಬರಿಯನ್ನು ಚೀಲಗಳಲ್ಲಿ ತುಂಬಿ ಪೇಟೆಗೆ ಒಯ್ಯುತ್ತಾರೆ. ವ್ಯಾಪಾರಿಯು ಚೀಲದ ಬಾಯಿ ಬಿಚ್ಚಿ ಮೇಲಿನ ಒಂದು ಹೋಳನ್ನು ತೆಗೆದು ಮುರಿಯುತ್ತಾನೆ. ಮುರಿದ ಸದ್ದನ್ನು ಕೇಳುತ್ತಾನೆ, ಮೂಸಿ ನೋಡುತ್ತಾನೆ, ಬೆಲೆ ಹೇಳುತ್ತಾನೆ. ಅನುಭವಿಯ ಕಿವಿ ಮೂಗುಗಳನ್ನು ನಾವು ಹಳಿಯಬೇಕಾಗಿಲ್ಲ. ಆದರೆ ಆ ಒಂದು ಹೋಳು ಇಡೀ ರಾಶಿಯ ಪರವಾಗಿ ಸಾಕ್ಷಿ ನುಡಿಯಬಲ್ಲುದೆ? ವರ್ಷವಿಡೀ ದುಡಿದವನ ಪ್ರತಿಫಲವು ಈ ಪ್ರಶ್ನೆಯನ್ನು ಅವಲಂಬಿಸಿದೆ.

ಕಶ್ಮಲವೆಂದರೇನು?

ಎಣ್ಣೆಬೀಜಗಳಲ್ಲಿ ಕಂಡುಬರುವ ದೋಷಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಹೊರಗಿನ ವಸ್ತು. ಮಣ್ಣು, ಮರಳು, ಗೆರಟೆಯ ಚೂರು, ನಾರು ಇವೂ, ಎಳ್ಳಿನಂತಹ ಸಣ್ಣ ಬೀಜಗಳಲ್ಲಾದರೆ ಹೊಟ್ಟು, ಕಡ್ಡಿ, ಕಳೆಯ ಬೀಜಗಳೂ ಈ ಗುಂಪಿಗೆ ಸೇರುತ್ತವೆ. ಇವು ತೂಕವನ್ನು ಹೆಚ್ಚಿಸುತ್ತವೆ, ಎಣ್ಣೆಯನ್ನು ಕೊಡುವುದಿಲ್ಲ. ಮರಳಂತೂ ಗಾಣದ ಯಂತ್ರವನ್ನೇ ಸವೆಸುತ್ತದೆ. ಎರಡನೆಯದು ಬೀಜದ ಸ್ವಂತ ಕೊರತೆ: ಬಲಿಯದ ಕಾಯಿಯಿಂದ ಬಂದ ಸುಕ್ಕುಗಟ್ಟಿದ ಹೋಳು, ಒಡೆದ ಚೂರು, ಹುಳು ತಿಂದದ್ದು, ಬೂಷ್ಟು ಹಿಡಿದದ್ದು. ಮೂರನೆಯದು ಕಣ್ಣಿಗೆ ಕಾಣದ ನೀರು.

ಈ ಮೂರನ್ನೂ ಬೇರೆಬೇರೆಯಾಗಿ ಅಳೆಯುವುದಕ್ಕೆ ಕಾರಣವುಂಟು. ಮಣ್ಣನ್ನು ಜರಡಿಯಿಂದ ಕಳೆಯಬಹುದು. ನೀರನ್ನು ಬಿಸಿಲಿನಿಂದ ಕಳೆಯಬಹುದು. ಬೂಷ್ಟು ಮಾಡಿದ ಕೇಡನ್ನು ಮಾತ್ರ ಯಾವ ಶುದ್ಧೀಕರಣವೂ ಹಿಂದಿರುಗಿಸದು.

ನೀರಿನ ಲೆಕ್ಕ

ಹಸಿಯ ತೆಂಗಿನ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ. ಕೆಡದಂತೆ ಉಳಿಯಬೇಕಾದರೆ ಅದನ್ನು ಶೇಕಡಾ ೬ರ ಆಸುಪಾಸಿಗೆ ಇಳಿಸಬೇಕು. ಶೇಕಡಾ ೧೦ ತೇವವಿರುವ ೧೦೦ ಕಿಲೋಗ್ರಾಂ ಕೊಬ್ಬರಿಯಲ್ಲಿ ಒಣವಸ್ತುವು ೯೦ ಕಿಲೋಗ್ರಾಂ. ಅದನ್ನೇ ಶೇಕಡಾ ೬ಕ್ಕೆ ಒಣಗಿಸಿದರೆ ತೂಕವು ೯೫.೭ ಕಿಲೋಗ್ರಾಮಿಗೆ ಇಳಿಯುತ್ತದೆ. ಎಂದರೆ ಹಸಿಯನ್ನು ಕೊಂಡವನು ೪ ಕಿಲೋಗ್ರಾಮಿಗೂ ಮಿಕ್ಕಿ ನೀರಿಗೆ ಕೊಬ್ಬರಿಯ ಬೆಲೆಯನ್ನು ತೆತ್ತಂತಾಯಿತು. ಚೆನ್ನಾಗಿ ಒಣಗಿಸಿ ತಂದವನಿಗೂ ಅದೇ ದರವೇ ದೊರೆತರೆ ಅವನ ಶ್ರಮಕ್ಕೆ ದಂಡವಾಯಿತು.

ಪರೀಕ್ಷೆಯ ರೀತಿ ಸರಳವಾದುದು. ಕೊಬ್ಬರಿಯನ್ನು ತುರಿದು ೧೦ ಗ್ರಾಂ ತೂಗಿ, ನೀರು ಕುದಿಯುವ ಉಷ್ಣತೆಗಿಂತ ತುಸು ಮೇಲಿನ ಒಲೆಪೆಟ್ಟಿಗೆಯಲ್ಲಿ ತೂಕವು ಇನ್ನು ಇಳಿಯದೆಂಬವರೆಗೆ ಇಡುತ್ತಾರೆ. ಉಳಿದುದು ೯.೨ ಗ್ರಾಂ ಆದರೆ ತೇವಾಂಶವು ಶೇಕಡಾ ೮.

ಮಾದರಿಯನ್ನು ತೆಗೆಯುವ ಕ್ರಮ

ಎಷ್ಟೇ ಸೂಕ್ಷ್ಮವಾದ ತಕ್ಕಡಿಯಿದ್ದರೂ ತೂಗಿದ ಮಾದರಿಯೇ ತಪ್ಪಾಗಿದ್ದರೆ ಫಲವಿಲ್ಲ. ಲಾರಿಯಲ್ಲಿ ಕುಲುಕಿದ ಚೀಲದಲ್ಲಿ ಸಣ್ಣ ಚೂರುಗಳೂ ಮರಳೂ ಸಂದಿನಲ್ಲಿ ಜಾರಿ ತಳಕ್ಕೆ ಇಳಿಯುತ್ತವೆ; ದೊಡ್ಡ ಹೋಳುಗಳು ಮೇಲುಳಿಯುತ್ತವೆ. ಆದುದರಿಂದ ಹಲವು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ಸ್ವಲ್ಪಸ್ವಲ್ಪ ತೆಗೆದು ಒಂದು ಕಡೆ ಬೆರೆಸಬೇಕು. ಸಣ್ಣ ಬೀಜವಾದರೆ, ಬೆರೆಸಿದುದನ್ನು ದುಂಡಗೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಾದ ಎರಡು ಪಾಲುಗಳನ್ನು ಮಾತ್ರ ಇಟ್ಟುಕೊಂಡು, ಮತ್ತೆ ಬೆರೆಸಿ ಮತ್ತೆ ನಾಲ್ಕು ಮಾಡಬೇಕು. ಹೀಗೆ ಪ್ರತಿಸಲವೂ ಅರ್ಧವಾಗುತ್ತ ಬಂದ ಕೊನೆಯ ಹಿಡಿಯು ರಾಶಿಯ ನಿಜವಾದ ಪ್ರತಿನಿಧಿಯಾಗುತ್ತದೆ.

ಎಷ್ಟು ಹೋಳುಗಳನ್ನು ನೋಡಿದರೆ ಸಾಕು? ರಾಶಿಯಲ್ಲಿ ನೂರಕ್ಕೆ ೧೦ ಹೋಳುಗಳಿಗೆ ಬೂಷ್ಟು ಹಿಡಿದಿದೆ ಎಂದಿಟ್ಟುಕೊಳ್ಳೋಣ. ಒಂದೇ ಹೋಳನ್ನು ತೆಗೆದರೆ ಅದು ಒಳ್ಳೆಯದು ಅಥವಾ ಕೆಟ್ಟದ್ದು. ‘ಹತ್ತು’ ಎಂದು ಹೇಳುವ ಶಕ್ತಿಯೇ ಅದಕ್ಕಿಲ್ಲ. ೧೦೦ ಹೋಳುಗಳನ್ನು ಆಯ್ದರೆ, ಇಪ್ಪತ್ತು ಸಲಗಳಲ್ಲಿ ಹತ್ತೊಂಬತ್ತು ಸಲ ಉತ್ತರವು ಶೇಕಡಾ ೪ರಿಂದ ೧೬ರ ಒಳಗೆ ಬರುತ್ತದೆಂದು ಸಂಭವ ಗಣಿತವು ತಿಳಿಸುತ್ತದೆ. ೪೦೦ನ್ನು ನೋಡಿದರೆ ಅದು ೭ರಿಂದ ೧೩ರ ಒಳಗೆ. ಮಾದರಿಯನ್ನು ನಾಲ್ಕು ಮಡಿ ಮಾಡಿದರೆ ತಪ್ಪಿನ ಅಳತೆ ಅರ್ಧಕ್ಕೆ ಇಳಿಯುತ್ತದೆಂಬ ಈ ನಿಯಮವನ್ನು ವಿದ್ಯಾರ್ಥಿಗಳು ನೆನಪಿಡತಕ್ಕದ್ದು.

ಜರಡಿ, ಮೊರ, ಬೆರಳು

ಕೊಬ್ಬರಿಯ ಮಾದರಿಯನ್ನು ಮೊದಲು ತೂಗಿ, ಗೆರಟೆ, ನಾರು, ಮಣ್ಣುಗಳನ್ನು ಆಯ್ದು ಬೇರೆಯಾಗಿ ತೂಗುತ್ತಾರೆ. ಅನಂತರ ಹೋಳುಗಳನ್ನು ಒಂದೊಂದಾಗಿ ನೋಡಿ ಬೂಷ್ಟಿನವನ್ನೂ ಸುಕ್ಕಿನವನ್ನೂ ಎಣಿಸುತ್ತಾರೆ. ಭತ್ತದ ಕೊಯಿಲಾದ ಮೇಲೆ ಗದ್ದೆಯಲ್ಲಿ ಬೆಳೆದ ಎಳ್ಳಾದರೆ ಎಣಿಸುವುದು ಅಸಾಧ್ಯ. ಅಲ್ಲಿ ಭೌತಶಾಸ್ತ್ರವೇ ನೆರವಾಗಬೇಕು. ದೊಡ್ಡ ಕಣ್ಣಿನ ಜರಡಿಯು ಕಡ್ಡಿಯನ್ನು ತಡೆಯುತ್ತದೆ. ಚಿಕ್ಕ ಕಣ್ಣಿನದು ಎಳ್ಳನ್ನು ಉಳಿಸಿ ಧೂಳನ್ನು ಕೆಳಗೆ ಬಿಡುತ್ತದೆ. ಗಾತ್ರದಲ್ಲಿ ಎಳ್ಳಿಗೆ ಸಮವಾದ ಹೊಟ್ಟನ್ನು ತುಳುವಿನಲ್ಲಿ ತಡ್ಪೆ ಎನ್ನುವ ಮೊರವು ಗಾಳಿಯ ಬಲದಿಂದ ಹಾರಿಸುತ್ತದೆ. ಗಾತ್ರವೂ ತೂಕವೂ ಎರಡೂ ಸಮನಾಗಿರುವ ಕಳೆಬೀಜಕ್ಕೆ ಕಣ್ಣು ಬೆರಳುಗಳೇ ಗತಿ.

೧೦೦ ಗ್ರಾಂ ಮಾದರಿಯಲ್ಲಿ ಧೂಳು ೨ ಗ್ರಾಂ, ಕಡ್ಡಿ ಹೊಟ್ಟು ೧ ಗ್ರಾಂ ದೊರೆತರೆ ಹೊರವಸ್ತುವು ಶೇಕಡಾ ೩. ಚೀಲದ ತಳದಿಂದಲೇ ತೆಗೆದ ಹಿಡಿಯು ಇದನ್ನು ೬ ಎಂದು ತೋರಿಸಿದರೆ, ೫ ಕ್ವಿಂಟಲ್ ತಂದವನು ೧೫ ಕಿಲೋಗ್ರಾಮಿಗೆ ಬದಲಾಗಿ ೩೦ ಕಿಲೋಗ್ರಾಮಿನ ಬೆಲೆಯನ್ನು ಕಳೆದುಕೊಳ್ಳುತ್ತಾನೆ.

ಬೆಲೆಗಿಂತ ದೊಡ್ಡ ಮಾತು

ಈ ಸೀಮೆಯಲ್ಲಿ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಒಣಗಿಸುವ ಕೆಲಸವು ಕಷ್ಟವಾಗುತ್ತದೆ. ಅರೆ ಒಣಗಿದ ಹೋಳಿನ ಮೇಲೆ ಹಸುರು ಹಳದಿಯ ಬೂಷ್ಟು ಏಳುವುದನ್ನು ಎಲ್ಲರೂ ಕಂಡಿರುತ್ತಾರೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವು ಅವುಗಳಲ್ಲೊಂದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಅವುಗಳಿಗೆ ತಿನ್ನಿಸಿದ ನೆಲಗಡಲೆಯ ಹಿಂಡಿಯಲ್ಲಿ ಈ ಶಿಲೀಂಧ್ರದ ವಿಷವಿದ್ದುದು ಶೋಧನೆಯಿಂದ ತಿಳಿಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣವಾಗಬಲ್ಲುದು. ಗಾಣದಲ್ಲಿ ಈ ವಿಷದ ಹೆಚ್ಚಿನ ಪಾಲು ಎಣ್ಣೆಗೆ ಹೋಗದೆ ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿಗೆ ಅದರ ಒಂದು ಅಂಶವು ಇಳಿಯುತ್ತದೆ. ಬೂಷ್ಟಿನ ಹೋಳನ್ನು ರಾಶಿಯಲ್ಲಿ ಅಡಗಿಸಿದವನ ಮನೆಗೇ ಅದು ಹಾಲಿನ ರೂಪದಲ್ಲಿ ಮರಳಬಹುದು.

ಕಳೆಬೀಜವೂ ಅಷ್ಟೇ ಅಪಾಯಕರ. ಅರಿಶಿನ ದತ್ತೂರಿಯ ಬೀಜವು ಸಾಸಿವೆಯನ್ನು ಹೋಲುತ್ತದೆ. ೧೯೯೮ರಲ್ಲಿ ದೆಹಲಿಯಲ್ಲಿ ದತ್ತೂರಿಯ ಎಣ್ಣೆ ಬೆರೆತ ಸಾಸಿವೆಯೆಣ್ಣೆಯಿಂದ ಜನರ ಮೈ ಬಾತು ೬೦ಕ್ಕೂ ಹೆಚ್ಚು ಮಂದಿ ಸತ್ತರು.

ಕೃಷಿ ಉತ್ಪನ್ನಗಳ ದರ್ಜೆಗಳಿಗೆ ನಮ್ಮ ದೇಶದಲ್ಲಿ ೧೯೩೭ರ ಶಾಸನವು ತಳಹದಿ ಹಾಕಿತು. ಆಗ್‌ಮಾರ್ಕ್ ಗುರುತು ಅದರಿಂದಲೇ ಬಂದುದು. ಸರ್ಕಾರದ ಬೆಂಬಲ ಬೆಲೆಯೂ ಗೊತ್ತುಪಡಿಸಿದ ಗುಣಮಟ್ಟದ ಕೊಬ್ಬರಿಗೆ ಮಾತ್ರ ಸಲ್ಲುತ್ತದೆ. ಆದುದರಿಂದ ಪೇಟೆಗೆ ಹೋಗುವ ಮುನ್ನ ಬೆಳೆಗಾರನೇ ಮನೆಯಂಗಳದಲ್ಲಿ ಹಲವು ಚೀಲಗಳಿಂದ ನೂರು ಹೋಳುಗಳನ್ನು ಆಯ್ದು, ಎಣಿಸಿ, ಬರೆದಿಟ್ಟುಕೊಳ್ಳುವುದು ಲೇಸು. ಶಾಲೆಗೆ ಹೋಗುವ ಮಕ್ಕಳು ಒಂದು ಸಂಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಮರುದಿನ ವ್ಯಾಪಾರಿಯು ಒಂದು ಹೋಳನ್ನು ಮುರಿದು ಬೆಲೆ ಹೇಳುವಾಗ, ಉಳಿದ ಹೋಳುಗಳ ಸುದ್ದಿಯು ಆ ಚೀಟಿಯಲ್ಲಿರುತ್ತದೆ.