ಮರದ ತುದಿಯಲ್ಲಿ ಒಂದು ಗಳಿಗೆ

ಕಾಡನ್ನು ನೆಲದ ಮೇಲೆ ನಿಂತು ನೋಡುವವನು, ಕಂಬಗಳನ್ನು ಕಂಡು ಮಹಡಿಯನ್ನು ಕಾಣದೆ ಹಿಂದಿರುಗುವ ಅತಿಥಿಯಂತೆ. ಮಳೆಕಾಡಿನ ಹೂ, ಹಣ್ಣು, ಹಕ್ಕಿ, ಕೀಟಗಳ ಸಂಸಾರವು ಬಹುಮಟ್ಟಿಗೆ ಮೇಲಂತಸ್ತಿನಲ್ಲಿಯೇ ನಡೆಯುವುದು. ಒಂದು ಏಪ್ರಿಲ್ ತಿಂಗಳ ರಜೆಯಲ್ಲಿ, ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮಾಂಟೆವರ್ಡೆಯಲ್ಲಿ, ಆ ಮಹಡಿಯನ್ನು ಕಾಣುವ ಅವಕಾಶವು ನಮಗೆ ದೊರೆಯಿತು.

ಮಾಂಟೆವರ್ಡೆಯು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದ ಗುಡ್ಡಸೀಮೆ. ಮೋಡಗಳು ಮರಗಳನ್ನು ಸವರಿಕೊಂಡೇ ಹೋಗುವುದರಿಂದ ಕೊಂಬೆಕೊಂಬೆಯಲ್ಲಿಯೂ ಪಾಚಿಯೂ ಸೀತಾಳೆಯ ಹೂಗಳೂ ತುಂಬಿರುವುವು. ಮೋಡ ಸರಿದಾಗ ಪಶ್ಚಿಮದಲ್ಲಿ ನಿಕೋಯಾ ಕೊಲ್ಲಿಯ ಕರಾವಳಿಯು ಬೆಳ್ಳಿಯ ಅಂಚಿನಂತೆ ಕಾಣುವುದು. ಈ ಕಾಡು ಉಳಿದುದಕ್ಕೊಂದು ಕಥೆಯುಂಟು. ಕೋಸ್ಟರಿಕಾ ದೇಶವು 1948ರಲ್ಲಿ ಸೈನ್ಯವನ್ನೇ ತೆಗೆದುಹಾಕಿತು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಗಡದ ಕೆಲವು ಕುಟುಂಬಗಳು 1951ರಲ್ಲಿ ಅಲಬಾಮಾದಿಂದ ಇಲ್ಲಿಗೆ ಬಂದು ಹಸು ಸಾಕಿ ನೆಲೆಸಿದುವು. ಹೊಳೆಯ ನೀರು ಬತ್ತಬಾರದೆಂದು ಅದರ ಉಗಮದ ಕಾಡನ್ನು ಅವರು ಕಡಿಯದೆ ಬಿಟ್ಟರು. 1972ರಲ್ಲಿ ಇಲ್ಲಿ ರಕ್ಷಿತಾರಣ್ಯವು ಸ್ಥಾಪಿತವಾಯಿತು.

ಈಗ ಇಲ್ಲಿಗೆ ಬರುವವರಿಗೆ ಜಿಪ್‌ಲೈನ್ ಎಂಬ ತಂತಿಸವಾರಿಯ ಆಕರ್ಷಣೆ ದೊಡ್ಡದು. ಎರಡು ಅಟ್ಟಣೆಗಳ ನಡುವೆ ಒಂದು ತುದಿ ತುಸು ತಗ್ಗಾಗುವಂತೆ ಉಕ್ಕಿನ ಹಗ್ಗವನ್ನು ಬಿಗಿದಿರುವರು. ಸೊಂಟಕ್ಕೂ ತೊಡೆಗಳಿಗೂ ಗಟ್ಟಿಯಾದ ಪಟ್ಟಿಗಳನ್ನು ಕಟ್ಟಿ, ಅವನ್ನು ರಾಟೆಗೆ ಸಿಕ್ಕಿಸಿ ಬಿಟ್ಟರೆ ಆಯಿತು. ಉಳಿದುದನ್ನು ಇಳಿಜಾರೇ ನೋಡಿಕೊಳ್ಳುವುದು. ಭಾರವುಳ್ಳವರು ವೇಗವಾಗಿ ಸಾಗುವರು. ಹಗುರಾದವರನ್ನು ಎದುರುಗಾಳಿಯು ತಡೆಯುವುದು. ಹಗ್ಗವು ನಡುವೆ ಜೋತುಬಿದ್ದಿರುವುದರಿಂದ, ಕೊನೆಯ ಏರನ್ನು ಮುಟ್ಟಲಾರದೆ ಹಗುರಾದವರು ಅಲ್ಲಿಯೇ ನಿಂತುಬಿಡುವುದೂ ಉಂಟು.

ಈ ಕೊನೆಯ ಸಂಗತಿಯನ್ನು ನಾವು ಅರಿತುದು ಅನುಭವದಿಂದ. ಎರಡನೆಯ ತಂತಿಯಲ್ಲಿ ನಾವು ಮೊದಲು ಹೋದೆವು. ಕಿವಿಯಲ್ಲಿ ಗಾಳಿಯ ಭೋರ್ಗರೆತ, ಕಾಲಡಿಯಲ್ಲಿ ಹಸುರಿನ ಮಸುಕು. ಕಣ್ಣನ್ನು ಸರಿಯಾಗಿ ತೆರೆದುದು ಆಚೆಯ ಅಟ್ಟಣೆಯ ಮೇಲೆಯೇ! ನಮ್ಮ ಹಿಂದೆ ಹತ್ತು ವರ್ಷದ ಮಗಳು ಬಂದಳು. ನಮ್ಮಿಂದ ಹತ್ತು ಮಾರು ದೂರದಲ್ಲಿ ಅವಳ ರಾಟೆ ನಿಧಾನವಾಯಿತು, ನಿಂತಿತು, ತುಸು ಹಿಂದಕ್ಕೂ ಸರಿಯಿತು. ಕೆಳಗೆ ಆಳವಾದ ಕಣಿವೆ. ನಮ್ಮ ಬಾಯಿ ಒಣಗಿತು. “ಮಗೂ, ಹೆದರಬೇಡ! ಕೆಳಗೆ ನೋಡಬೇಡ!” ಎಂದು ಕೂಗಿದೆವು. ಉತ್ತರವಿಲ್ಲ. ಮತ್ತೆ ಕೂಗಿದೆವು. ಆಗ ಮೆಲ್ಲನೆ ದನಿ ಬಂತು: “ಅಪ್ಪಾ, ಕೂಗಬೇಡಿ. ಹಕ್ಕಿ ಹಾರಿಹೋಗುತ್ತೆ.”

ಅವಳೆದುರಿನ ಬೋಳುಕೊಂಬೆಯ ಮೇಲೆ ಗಂಟೆಹಕ್ಕಿಯೊಂದು ಕುಳಿತಿತ್ತು. ಕಂದುಮೈ, ಬಿಳಿಯ ತಲೆ, ಕೊಕ್ಕಿನ ಬಳಿ ಮೂರು ಜೋಲುಗಳು. ಅದು ಬಾಯ್ದೆರೆದಾಗ ಕಂಚಿಗೆ ಬಡಿದಂತಹ ಸದ್ದು ಕಣಿವೆಯಲ್ಲೆಲ್ಲ ತುಂಬಿತು. ಮಾರ್ಗದರ್ಶಿಯು ಅವಸರಪಡದೆ ತಂತಿಯನ್ನು ಹಿಡಿಹಿಡಿದು ಸಾಗಿ, ಮಗುವನ್ನು ಎಳೆದುತಂದನು. ನಾವು ಅವಳನ್ನು ಅಪ್ಪಿಕೊಂಡೆವು. ಅವಳಾದರೋ ಹಿಂದಿರುಗಿ ಹಿಂದಿರುಗಿ ನೋಡುತ್ತಿದ್ದಳು. ಕಾಡನ್ನು ದಾಟಿದ ನಾವು ಏನನ್ನೂ ಕಂಡಿರಲಿಲ್ಲ. ನಡುವೆ ನಿಂತವಳು ಎಲ್ಲವನ್ನೂ ಕಂಡಿದ್ದಳು.

ಯೋಚಿಸಿದರೆ, ಈ ಕಾಡುಗಳಲ್ಲಿ ಹಗ್ಗವು ಮರದ ತುದಿಗೇರಿದುದು ವೇಗಕ್ಕಾಗಿ ಅಲ್ಲವೇ ಅಲ್ಲ. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಜೀವಶಾಸ್ತ್ರಜ್ಞರು ಕೋಸ್ಟರಿಕಾದ ಕಾಡಿನಲ್ಲಿ ಬಿಲ್ಲಿನಿಂದ ದಾರವನ್ನು ಕೊಂಬೆಗೆ ಹಾರಿಸಿ, ಅದರ ಹಿಂದೆ ಹಗ್ಗವನ್ನೆಳೆದು ಏರಿದುದು, ಮೇಲಿನ ಜೀವಿಗಳನ್ನು ಕುಳಿತು ನೋಡುವುದಕ್ಕಾಗಿ. ಭಾರತೀಯ ತಂದೆಯ ಮಗಳಾದ ನಳಿನಿ ನಾಡಕರ್ಣಿಯವರು ಇದೇ ಮಾಂಟೆವರ್ಡೆಯ ಮರಗಳನ್ನೇರಿ, ಕೊಂಬೆಯಿಂದ ಕಿತ್ತ ಪಾಚಿಯು ಮತ್ತೆ ಬೆಳೆಯಲು ದಶಕಗಳೇ ಬೇಕೆಂಬುದನ್ನು ತೋರಿಸಿಕೊಟ್ಟರು. ನೋಡುವ ಸಾಧನವಾಗಿದ್ದ ಹಗ್ಗವು ಪ್ರವಾಸಿಗರ ವಿನೋದವಾದುದು 1990ರ ದಶಕದಲ್ಲಿ. ಅದನ್ನು ನಾವು ಹಳಿಯಲಾರೆವು. ನಿಂತ ಮರವೂ ಸಂಪಾದನೆಯನ್ನು ತರುವುದೆಂದು ತಿಳಿದರೆ ಕೊಡಲಿಗೆ ಕೆಲಸ ಕಡಿಮೆಯಾಗುವುದಷ್ಟೆ.

ಮಕ್ಕಳೊಡನೆ ಇಂತಹ ಕಡೆಗೆ ಹೋಗುವ ವಾಚಕರಿಗೆ ನಮ್ಮದೊಂದೆರಡು ಮಾತು. ಜಡೆಯನ್ನು ಕಟ್ಟಿ, ಜೋಲುವ ಬಟ್ಟೆ ಬೇಡ. ಪಟ್ಟಿಗಳು ಬಿಗಿಯಾಗಿವೆಯೇ ಎಂದು ನೀವೂ ನೋಡಿ. ಹಗುರಾದ ಮಗುವನ್ನು ಮಾರ್ಗದರ್ಶಿಯ ಜೊತೆಯಲ್ಲಿಯೇ ಕಳುಹಿಸಿ. ಎಲ್ಲಕ್ಕಿಂತ ಮಿಗಿಲಾಗಿ, ಅಟ್ಟಣೆಯ ಮೇಲೆ ಒಂದು ಗಳಿಗೆ ಸುಮ್ಮನೆ ನಿಲ್ಲಿ. ಮುಂದಿನ ತಂತಿಯು ಎಲ್ಲಿಗೂ ಹೋಗದು, ಹಕ್ಕಿಯು ಹಾರಿಹೋಗಬಹುದು.